ಶಾಹ್‌ರುಖ್ ದೊರೆಯ ತೆರೆದ ಕಣ್ಣುಗಳು

ಈ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಉಸಿರಾಡುವುದನ್ನು. ಹಳೆಯ ಪರ್ಷಿಯನ್ ಚಿತ್ರಪುಟದ ಮೇಲೆ ಬಣ್ಣ ಒಣಗಿ, ಬಿರಿದು, ಸಣ್ಣ ಚಕ್ಕೆಗಳಾಗಿ ಎದ್ದಿರುತ್ತದೆ. ನಮ್ಮ ಮೂಗು ಆ ಹಾಳೆಗೆ ಗೇಣು ದೂರದಲ್ಲಿರುತ್ತದೆ. ಉಸಿರು ಸ್ವಲ್ಪ ಜೋರಾದರೂ ಯಾವನೋ ಮಂತ್ರಿಯ ಗಡ್ಡದ ತುದಿ ಹಾರಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಹಾಗಾಗಿ ನಾವೆಲ್ಲ ಕೆಳತುಟಿ ಮುಂದೆ ಚಾಚಿ, ಉಸಿರನ್ನು ಮೇಲಕ್ಕೆ, ನಮ್ಮ ಹಣೆಯ ಕಡೆಗೆ ಬಿಡುತ್ತಿದ್ದೆವು. ಕೆಲಸ ಬಿಟ್ಟ ಮೇಲೂ ನನಗೆ ಆ ಅಭ್ಯಾಸ ಹೋಗಿಲ್ಲ. ಟ್ರಾಮಿನಲ್ಲಿ ಪಕ್ಕದವರು ಈ ಹೆಂಗಸಿಗೆ ಏನೋ ಆಗಿದೆ ಎಂದು ಸರಿದು ಕೂರುತ್ತಾರೆ.

ಈಗ ಇಲ್ಲಿ ಓದಿ ಇದೇ ಕೆಲಸ ಹಿಡಿಯುತ್ತಿರುವ ನಮ್ಮ ಕಡೆಯ ಕೆಲವರು ನನ್ನ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಎಷ್ಟು ನಂಬಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹರೆಯದಿಂದಲೂ ಡೈರಿ ಬರೆಯುವವಳು. ಡೈರಿ ಒಂದು ಹೇಳಿದರೆ ನೆನಪು ಇನ್ನೊಂದು ಹೇಳುತ್ತದೆ, ಮತ್ತು ನೆನಪಿನಲ್ಲಿ ನಾನು ಯಾವಾಗಲೂ ಸ್ವಲ್ಪ ಹೆಚ್ಚು ಧೈರ್ಯದವಳಾಗಿ ಕಾಣುತ್ತೇನೆ. ಎರಡೂ ಬೇರೆಯಾದ ಕಡೆ ಡೈರಿಯ ಮಾತನ್ನೇ ಇಟ್ಟುಕೊಂಡಿದ್ದೇನೆ. ಡಚ್ಚರು ಡಚ್‌ನಲ್ಲಿ ಆಡಿದ್ದನ್ನು ನನ್ನ ಕಿವಿಗೆ ಕೇಳಿದ ಕನ್ನಡದಲ್ಲಿ ಬರೆದಿದ್ದೇನೆ.

ನಾನು ಬೀದರಿನವಳು. ಇತಿಹಾಸದಲ್ಲಿ ಎಂ.ಎ. ಮಾಡಿ, ಜೊತೆಗೆ ಫಾರ್ಸಿ ಕಲಿತೆ. ನಮ್ಮೂರಿನ ಗೋರಿಗಳ ಮೇಲೆ, ಮಸೀದಿಯ ಕಮಾನುಗಳ ಮೇಲೆ ಆ ಭಾಷೆ ಇತ್ತು. ದಿನಾ ನೋಡಿದ್ದನ್ನು ಓದಲು ಬರುವುದಿಲ್ಲ ಎಂಬುದು ನನಗೆ ನಾಚಿಕೆಯ ವಿಷಯವಾಗಿತ್ತು. ಮದುವೆಯಾದದ್ದು ಕಲಬುರಗಿಯ ಮನ್ಸೂರನನ್ನು. ಅವನಿಗೆ ನೂರ್ಡ್‌ವೈಕಿನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದಾಗ ಇಬ್ಬರೂ ಈ ಡಚ್ಚರ ದೇಶಕ್ಕೆ ಬಂದೆವು. ನ್ಯೂವೆಗೈನಿನ ಬಿಸಿನೆಸ್ ಪಾರ್ಕಿನಲ್ಲಿ, ಅಡುಗೆಮನೆ ಶೋರೂಮುಗಳ ಹಿಂದೆ, ಬೋರ್ಡೇ ಇಲ್ಲದ ಒಂದು ಬೂದು ಕಟ್ಟಡವಿತ್ತು. ಮ್ಯೂಸಿಯಮ್ಮುಗಳ ಮತ್ತು ಖಾಸಗಿಯವರ ಚಿತ್ರಗಳನ್ನು ಅಲ್ಲಿ ಕಾಪಾಡಿ, ದುರಸ್ತಿ ಮಾಡಿ, ಪ್ರದರ್ಶನಗಳಿಗೆ ಕಳಿಸುತ್ತಿದ್ದರು. ಕಳ್ಳರಿಗೆ ಹೆದರಿ ಬೋರ್ಡು ಹಾಕಿರಲಿಲ್ಲ. ಫಾರ್ಸಿ ಓದಬಲ್ಲವರು ಬೇಕಾಗಿದ್ದರು.

ನನ್ನನ್ನು ಸಂದರ್ಶನ ಮಾಡಿದ್ದು ಹನ್ನೆಕೆ. ಕಾಗದದ ವಿಭಾಗದ ಮುಖ್ಯಸ್ಥೆ, ಎತ್ತರದ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮರೆತುಬಿಡುವವಳು.

"ನಿಂಗೆ ಫಾರ್ಸಿ ಬರುತ್ತೆ, ಸರಿ. ಕೈ ನಡುಗುತ್ತಾ?"

"ಹೆದರಿಕೆ ಆದಾಗ ನಡುಗುತ್ತೆ."

"ಒಳ್ಳೇದು. ಹೆದರಿಕೆ ಇಲ್ಲದವರನ್ನ ನಾನು ತಗೊಳ್ಳಲ್ಲ. ಹೋದ ಸಲ ಒಬ್ಬ ಧೈರ್ಯಶಾಲಿ ಬಂದಿದ್ದ, ಅವನು ಒಂದು ಕುದುರೆಯ ಕಾಲನ್ನೇ ಒರೆಸಿಬಿಟ್ಟ."

ಉಳಿದದ್ದೆಲ್ಲ ಕಲಿಸಿದವಳು ಅವಳೇ. ಎದ್ದ ಚಕ್ಕೆಯ ಅಡಿಗೆ ಎರಡು ಮೂರು ಕೂದಲಿನ ಕುಂಚದಿಂದ ತೆಳುವಾದ ಮೀನಿನ ಅಂಟು ಬಿಡುವುದು, ಚಕ್ಕೆ ತಾನಾಗಿ ಮಲಗುವವರೆಗೆ ಕಾಯುವುದು. ಕುಂಚ ಬಣ್ಣಕ್ಕೆ ತಾಗಬಾರದು. ಹನಿ ತಾಗಬೇಕು, ಕುಂಚ ತಾಗಬಾರದು. ಈ ನಡುವಿನ ಜಾಗವನ್ನು ಕಾಣಲು ಎರಡು ಕಣ್ಣಿನ ಸೂಕ್ಷ್ಮದರ್ಶಕವಿತ್ತು. ಎರಡೂ ಕಣ್ಣು ಒಟ್ಟಿಗೆ ನೋಡಿದರೆ ಮಾತ್ರ ಆಳ ತಿಳಿಯುತ್ತದೆ.

ಸೇರಿದ ಮೊದಲ ಚಳಿಗಾಲದಲ್ಲಿ ನಾನು ಒಬ್ಬ ರಾಜಕುಮಾರನ ಕಿರೀಟದ ಗರಿ ಕಳೆದೆ. ಚಿನ್ನದ ಚಕ್ಕೆ ಅದು, ಅಕ್ಕಿಯ ನುಚ್ಚಿಗಿಂತ ಚಿಕ್ಕದು. ನಾನು ತಿರುಗಿದೆ, ಅದು ಇರಲಿಲ್ಲ. ಹನ್ನೆಕೆ ಬಯ್ಯಲಿಲ್ಲ. ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ಹೀಟರ್ ಆರಿಸಿ, ತಾನು ಮಂಡಿಯೂರಿ ಟಾರ್ಚು ಹಿಡಿದು ನೆಲವನ್ನು ಹುಡುಕಿದಳು. ಕೊನೆಗೆ ಪಕ್ಕದ ಮೇಜಿನ ಬ್ರಾಮ್ ಹೇಳಿದ: "ಅವಳ ಸ್ವೆಟರ್ ತೋಳು ನೋಡಿ. ಕಿರೀಟ ಹಾಕ್ಕೊಂಡಿದ್ದಾಳೆ." ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ನನ್ನ ನೆನಪು. ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿದೆ ಎಂದು ಡೈರಿಯಲ್ಲಿದೆ. ಅಂದಿನಿಂದ ಉಣ್ಣೆ ಹಾಕಿಕೊಂಡು ಮೇಜಿಗೆ ಹೋಗಿಲ್ಲ. ನೀವೂ ಹೋಗಬೇಡಿ.

ವಿಧಾನಗಳು ಬದಲಾದದ್ದನ್ನೂ ಹೇಳಬೇಕು. ಹಳೆಯ ಚಿತ್ರಪುಟಗಳಲ್ಲಿ ಎಷ್ಟೋ ಕಡೆ ಮುಖಗಳ ಕಣ್ಣನ್ನು ಯಾರೋ ಉಗುರಿನಿಂದಲೋ ಸೂಜಿಯಿಂದಲೋ ಕೆರೆದಿರುತ್ತಾರೆ. ಹನ್ನೆಕೆ ಕಲಿತ ಕಾಲದಲ್ಲಿ ಅಂಥ ಕಣ್ಣುಗಳನ್ನು ಹೊಸದಾಗಿ ಬರೆದು ತುಂಬುತ್ತಿದ್ದರು. ನಮ್ಮ ಕಾಲಕ್ಕೆ ಅದು ತಪ್ಪು ಎಂದಾಯಿತು. ಗಾಯವೂ ಚಿತ್ರದ ಇತಿಹಾಸ, ಅದನ್ನು ಮುಚ್ಚಬಾರದು. ಒಮ್ಮೆ ಅವಳು ತಾನೇ ಹರೆಯದಲ್ಲಿ ದುರಸ್ತಿ ಮಾಡಿದ್ದ ಪುಟ ವಾಪಸ್ ಬಂತು. ಹತ್ತಿಯ ಕಡ್ಡಿಯನ್ನು ತೇವ ಮಾಡಿ, ತಾನು ಬರೆದ ಕಣ್ಣುಗಳನ್ನು ತಾನೇ ಒರೆಸಿ ತೆಗೆದಳು.

"ಕೊಟ್ಟವಳೂ ನಾನೇ, ಕಿತ್ತುಕೊಳ್ಳೋಳೂ ನಾನೇ," ಅಂದಳು. "ನಿನ್ನ ಶಾಹಗಳ ಥರ ಆದೆ ನೋಡು."

ನನ್ನ ಶಾಹಗಳು ಎಂದರೆ ಇರಾನಿನ ದೊರೆಗಳು. ಅವರ ವಿಷಯ ಸ್ವಲ್ಪ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಣ್ಣಿಲ್ಲದವನು ಸಿಂಹಾಸನ ಏರುವಂತಿಲ್ಲ ಎಂಬುದು ಅಲ್ಲಿಯ ನಡಾವಳಿ. ಹಾಗಾಗಿ ಪಟ್ಟಕ್ಕೆ ಬಂದವನು ತಮ್ಮನನ್ನೋ ಚಿಕ್ಕಪ್ಪನ ಮಗನನ್ನೋ ಕೊಲ್ಲಲು ಮನಸ್ಸಾಗದಿದ್ದರೆ ಕಣ್ಣು ತೆಗೆಸುತ್ತಿದ್ದ. ಅದನ್ನು ದಯೆ ಎಂದೇ ಕರೆಯುತ್ತಿದ್ದರು. ನಮ್ಮ ಬಹಮನಿ ಸುಲ್ತಾನರಲ್ಲೂ ಇದು ನಡೆದಿತ್ತು, ನನಗೆ ಹೊಸದಲ್ಲ. ಆದರೆ ಅಲ್ಲಿ ಆಳುತ್ತಿದ್ದ ಸಫವಿ ಮನೆತನ ಅಫ್ಘನ್ನರ ಕೈಯಲ್ಲಿ ಬಿದ್ದ ಮೇಲಿನ ಇರಾನಿನಲ್ಲಿ ಅದು ಊಟ ನೀರಿನ ಹಾಗಾಯಿತು. ನಾನೇ ತಪ್ಪಿಸಿಕೊಂಡ ಸಫವಿ ರಾಜಕುಮಾರ ಎಂದು ಹೇಳಿಕೊಂಡು ಊರೂರಿನಲ್ಲಿ ಒಬ್ಬೊಬ್ಬ ಎದ್ದ. ದಿಲ್ಲಿಯನ್ನು ಸುಲಿದ ನಾದಿರ್ ಶಾಹ, ಅನುಮಾನ ಬಂದು, ಸ್ವಂತ ಮಗನ ಕಣ್ಣನ್ನೇ ತೆಗೆಸಿದ. ನಾದಿರನನ್ನು ಅವನ ಜನರೇ ಕೊಂದರು. ಅವನ ತಮ್ಮನ ಮಗ ಪಟ್ಟಕ್ಕೆ ಬಂದು ನಾದಿರನ ವಂಶವನ್ನೆಲ್ಲ ಮುಗಿಸಿ, ಒಬ್ಬ ಹುಡುಗನನ್ನು ಮಾತ್ರ ಉಳಿಸಿದ. ಅವನೇ ಶಾಹ್‌ರುಖ್, ನಾದಿರನ ಮೊಮ್ಮಗ. ಅವನ ತಾಯಿ ಸಫವಿ ಮನೆಯ ಮಗಳು. ಎರಡೂ ಮನೆತನದ ರಕ್ತ ಒಂದೇ ಮೈಯಲ್ಲಿದ್ದದ್ದರಿಂದ ಅವನು ಎಲ್ಲರಿಗೂ ಬೇಕಾಗಿದ್ದ, ಎಲ್ಲರಿಗೂ ಭಯವೂ ಆಗಿದ್ದ.

ಹುಡುಗನನ್ನು ಮಶಹದ್ ಪಟ್ಟಣದಲ್ಲಿ ಪಟ್ಟಕ್ಕೆ ಕೂರಿಸಿದರು. ಸ್ವಲ್ಪ ದಿನಕ್ಕೆ, ತನಗೂ ತಾಯಿಯ ಕಡೆಯಿಂದ ಸಫವಿ ರಕ್ತವಿದೆ, ಪಟ್ಟ ತನ್ನದು ಎಂದು ಪ್ರವಾದಿಯ ವಂಶದ ಒಬ್ಬ ಸಯ್ಯದ್ ಬಂದ. ಅವನ ಕಡೆಯವರು ಶಾಹ್‌ರುಖನ ಕಣ್ಣು ತೆಗೆದರು. ಶಾಹ್‌ರುಖನ ಕಡೆಯವರು ಸುಮ್ಮನಿರಲಿಲ್ಲ. ಅವರು ಸಯ್ಯದನ ಕಣ್ಣು ತೆಗೆದು, ನಡಾವಳಿಯನ್ನು ಪಕ್ಕಕ್ಕಿಟ್ಟು, ಕುರುಡ ಶಾಹ್‌ರುಖನನ್ನೇ ಮತ್ತೆ ಸಿಂಹಾಸನದ ಮೇಲೆ ಕೂರಿಸಿದರು. ಅವನು ಮುದುಕನಾಗುವವರೆಗೂ ಅಲ್ಲೇ ಕೂತಿದ್ದ. ಹೊರಗಿನ ಬಲಿಷ್ಠರಿಗೆ ಅವನು ಹಾಗೆ ಕೂತಿದ್ದರೆ ಅನುಕೂಲವಿತ್ತು, ಒಳಗೆ ಅವನ ಮಕ್ಕಳು ತಮ್ಮತಮ್ಮಲ್ಲೇ ಕಾದಾಡುತ್ತಿದ್ದರು. ಕೊನೆಗೆ ಕಾಜಾರ್ ಮನೆತನದವನು ಬಂದು, ನಾದಿರನ ಒಡವೆಗಳು ಎಲ್ಲಿ ಎಂದು ಹಿಂಸಿಸಿ ಅವನನ್ನು ಮುಗಿಸಿದ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಮೈಗೆ ಹತ್ತಿರಲಿಲ್ಲ.

ಈಗ ಆ ಪುಟದ ವಿಷಯ. ಪರ್ಷಿಯಾದ ಪಟ್ಟದ ಜಗಳಗಳ ಕುರಿತು ಒಂದು ಪ್ರದರ್ಶನ ಏರ್ಪಾಡಾಗಿತ್ತು. ವೂರ್‌ಬರ್ಗ್‌ನಲ್ಲಿರುವ ಒಬ್ಬ ವಯಸ್ಸಾದ ಇರಾನಿ ಮಹನೀಯರು ತಮ್ಮ ಮನೆಯ ಚಿತ್ರಪುಟವೊಂದನ್ನು ಅದಕ್ಕೆ ಎರವಲು ಕೊಟ್ಟರು. ಸಿಂಹಾಸನದ ಮೇಲೆ ಗಡ್ಡದ ದೊರೆ, ಬಲಕ್ಕೆ ಇಬ್ಬರು ಸರದಾರರು, ಎಡಕ್ಕೆ ಬಟ್ಟಲು ನೀಡುತ್ತಿರುವ ಪರಿಚಾರಕ. ಅಂಚಿನಲ್ಲಿ ಬೇರೆ ಕೈಬರಹದಲ್ಲಿ "ಶಾಹ್‌ರುಖ್ ಶಾಹ" ಎಂದಿತ್ತು. ಚಿತ್ರದ ಪಕ್ಕ ಗೋಡೆಗೆ ಹಾಕುವ ವಿವರಣೆ ಬರೆಯುವುದು ನನ್ನ ಕೆಲಸ.

ದೊರೆಯ ಕಣ್ಣುಗಳು ದೊಡ್ಡವು, ಅಗಲವಾಗಿ ತೆರೆದವು, ಸುತ್ತ ಕಾಡಿಗೆಯ ಗೆರೆ. ಕೆರೆದ ಗುರುತಿಲ್ಲ, ತಿದ್ದಿದ ಗುರುತಿಲ್ಲ. ನಾನು ಲೆಕ್ಕ ಹಾಕಿದೆ. ಶಾಹ್‌ರುಖನ ಕಣ್ಣು ಹೋದಾಗ ಅವನಿಗೆ ಗಡ್ಡ ಬಂದಿರಲಿಲ್ಲ. ಈ ದೊರೆಗೆ ಗಡ್ಡವಿದೆ, ಕಣ್ಣೂ ಇದೆ. ಎರಡೂ ಇರುವ ಶಾಹ್‌ರುಖ್ ಇರಲು ಸಾಧ್ಯವಿಲ್ಲ. ಹಾಗಾಗಿ ಅಂಚಿನ ಬರಹ ತಪ್ಪು, ಇವನು ಯಾರೋ ಬೇರೆ ದೊರೆ.

"ಖಂಡಿತಾನಾ?" ಎಂದು ಹನ್ನೆಕೆ ಕೇಳಿದಳು.

"ಕಣ್ಣು ಕಾಣಿಸ್ತಿದೆಯಲ್ಲ," ಅಂದೆ.

ವೂರ್‌ಬರ್ಗ್‌ನ ಹಿರಿಯರಿಗೆ ಫೋನಿನಲ್ಲಿ ಹೇಳಿದಾಗ ಅವರು, "ನೀವು ಓದಿದವರು, ನಿಮಗೆ ಗೊತ್ತು," ಎಂದರು. ಗೋಡೆಯ ಮೇಲೆ "ಹೆಸರು ತಿಳಿಯದ ಅರಸ" ಎಂದು ಬಂತು. ಆ ಸಾಲನ್ನು ಬರೆದಾಗ ನನಗೆ ಒಂದು ಚೂರೂ ಅಳುಕಿರಲಿಲ್ಲ. ನನ್ನ ವೃತ್ತಿಯಲ್ಲಿ ಅಳುಕಿಲ್ಲದೆ ಬರೆದ ಕೆಲವೇ ಸಾಲುಗಳಲ್ಲಿ ಅದೊಂದು.

ಪ್ರದರ್ಶನ ತೆರೆದು ಕೆಲವು ವಾರಗಳಾಗಿದ್ದವು. ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಿದ್ದೆವು. ನನ್ನ ಎಡಗಣ್ಣಿನ ಮುಂದೆ ಮಸಿ ಉದುರಿದ ಹಾಗೆ ಕಪ್ಪು ಚುಕ್ಕೆಗಳು ಬಿದ್ದವು. ಕೈಯಿಂದ ಗಾಳಿ ಹೊಡೆದುಕೊಂಡೆ. ಹೋಗಲಿಲ್ಲ.

"ಏನ್ ಮಾಡ್ಲಾಕತ್ತಿ? ನೊಣ ಎಲ್ಲ್ಯದ?" ಎಂದ ಮನ್ಸೂರ್.

"ಕಣ್ಣಾಗ ಏನೋ ಅದ. ಮೂಲಿಯಾಗ ಕರಿ ಪರದಾ ಬಿಟ್ಟಂಗ ಆಗ್ಯದ."

"ನಿದ್ದಿ ಆಗಿಲ್ಲೇನು? ಆ ಶಾಹಗೋಳ ಮಾರಿ ನೋಡಿ ನೋಡಿ ಹಂಗಾಗ್ಯದ ಬಿಡು."

"ನಗಬ್ಯಾಡ್ರಿ. ಪರದಾ ಸರಕೋತ ಬರ್ಲಾಕತ್ತದ."

ಅವನ ಕೈಯ ರೊಟ್ಟಿ ಅಲ್ಲೇ ನಿಂತಿತು. ಮಗಳು ಸನಾ ಫೋನಿನಿಂದ ತಲೆ ಎತ್ತದೆ, "ಅಮ್ಮೀ, ಜಸ್ಟ್ ಕಾಲ್ ದ ಹೌಸಾರ್ಟ್ಸ್," ಎಂದಳು. ಹೌಸಾರ್ಟ್ಸ್ ಎಂದರೆ ನಮ್ಮ ಬಡಾವಣೆಯ ಡಾಕ್ಟರು. ಏನೇ ಆದರೂ ಪ್ಯಾರಾಸಿಟಮಾಲ್ ತಗೊಂಡು ಮಲಗಿ ಎನ್ನುವುದು ಇಲ್ಲಿಯ ಡಾಕ್ಟರುಗಳ ಮೇಲೆ ನಾವೆಲ್ಲ ಹೇಳುವ ಜೋಕು. ರಜೆದಿನಕ್ಕೆಂದು ಇರುವ ನಂಬರಿಗೆ ಮನ್ಸೂರ್ ಫೋನು ಮಾಡಿದ. ಅತ್ತ ಕಡೆಯ ಹೆಂಗಸು 'ಪರದೆ' ಎಂಬ ಮಾತು ಕೇಳಿದ ತಕ್ಷಣ ಹೆಸರು ಕೂಡ ಪೂರ್ತಿ ಕೇಳದೆ, ಈಗಲೇ ಆಸ್ಪತ್ರೆಗೆ ಹೊರಡಿ ಎಂದಳು. ಅವಳ ಆ ಅವಸರದಿಂದ ನನಗೆ ಹುಟ್ಟಿದಷ್ಟು ಭಯ ರೋಗದಿಂದಲೂ ಹುಟ್ಟಿರಲಿಲ್ಲ.

ಕಣ್ಣಿನ ಒಳಪದರ ಕಿತ್ತು ಬಂದಿತ್ತು, ಗೋಡೆಯ ಕಾಗದ ಏಳುವ ಹಾಗೆ. ಡಾಕ್ಟರು ಹೇಳುತ್ತಿದ್ದಾಗ ನನಗೆ ಅರ್ಥವಾದದ್ದು ನಮ್ಮ ಕಸುಬಿನ ಮಾತಿನಲ್ಲಿ. ಚಕ್ಕೆ ಎದ್ದಿದೆ, ಕೂರಿಸಬೇಕು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ಪದರವನ್ನು ಒತ್ತಿ ಹಿಡಿಯಬೇಕಾದರೆ ಮುಖ ಕೆಳಗೆ ಮಾಡಿಯೇ ಇರಬೇಕು. ಉಣ್ಣುವಾಗ, ಮಲಗುವಾಗ, ಎಲ್ಲ ಹೊತ್ತೂ. ಗ್ಯಾಸ್ ಇರುವವರೆಗೆ ವಿಮಾನ ಹತ್ತಬಾರದು ಎಂದು ಬರೆದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿದರು. ಈಗ ಬೀದರಿನಲ್ಲಿ ಯಾರಿಗಾದರೂ ಏನಾದರೂ ಆದರೆ ಎಂದು ಯೋಚಿಸುತ್ತ ನೆಲ ನೋಡುತ್ತಿದ್ದೆ. ಮನೆಯ ಜನ ನನಗೆ ಪಾದಗಳಾಗಿಬಿಟ್ಟರು. ಮನ್ಸೂರ್ ಚಾ ತಂದರೆ ಬಟ್ಟಲನ್ನು ನನ್ನ ಬೆರಳುಗಳ ಹಿಂಬದಿಗೆ ಮೆಲ್ಲಗೆ ತಾಗಿಸಿ ನಿಲ್ಲುತ್ತಿದ್ದ. ನಾನು ಕೈ ತಿರುಗಿಸಿ ಹಿಡಿಯುತ್ತಿದ್ದೆ. ಯಾರೂ ಅವನಿಗೆ ಹಾಗೆ ಕಲಿಸಿರಲಿಲ್ಲ.

"ಹಿಂಗ ಯಾಕ ಕೊಡ್ತೀರಿ?"

"ಮುಂದ ಹಿಡಿದ್ರ ನೀ ಬಟ್ಟಲಾ ಹುಡುಕ್ತಿ. ನೀ ಹುಡುಕೋದು ನನಗ ನೋಡ್ಲಾಕ ಆಗವಲ್ದು," ಎಂದ. ಆಮೇಲೆ ಸ್ವಲ್ಪ ಬಿಟ್ಟು, "ಚಾ ಆರ್ತದ, ಕುಡಿ," ಎಂದ.

ಎಡಗಣ್ಣು ಪೂರ್ತಿ ಬರಲಿಲ್ಲ. ಬೆಳಕು ಬಂತು, ಆಕಾರಗಳು ಸೊಟ್ಟಗೆ ಬಂದವು. ಬಲಗಣ್ಣಿನಲ್ಲೂ ಒಂದು ಕಡೆ ಪದರ ತೆಳುವಾಗಿದೆ ಎಂದು ಲೇಸರ್ ಹಾಕಿದರು. "ಗಮನ ಇಟ್ಟಿರಿ," ಎಂದರು. ಆಳ ಹೋಯಿತು. ಚಾ ಸೋಸಿದರೆ ಬಟ್ಟಲಿನ ಪಕ್ಕಕ್ಕೆ ಬೀಳುತ್ತಿತ್ತು. ಮೇಜಿನ ಮೇಲೆ ಏನನ್ನಾದರೂ ಇಡುವ ಮೊದಲು ಬೆರಳಿನಿಂದ ಅಂಚನ್ನು ಮುಟ್ಟಿ ನೋಡುವುದು ಅಭ್ಯಾಸವಾಯಿತು. ಯಾರಾದರೂ ಮಾತಾಡಿದರೆ ಮುಖ ತಿರುಗಿಸುವ ಬದಲು ಗಲ್ಲ ಸ್ವಲ್ಪ ಎತ್ತಿ ಕಿವಿ ಕೊಡುತ್ತಿದ್ದೆ. ಸನಾ ಅದನ್ನು ನೋಡಿ ನಗುತ್ತಿದ್ದಳು, ಆಮೇಲೆ ನಗುವುದನ್ನು ಬಿಟ್ಟಳು.

ಕೆಲಸದಲ್ಲಿ ನಾನು ಏನನ್ನೂ ಮುಚ್ಚಿಡಲಿಲ್ಲ. ಇಲ್ಲಿ ಕಾಯಿಲೆ ಬಿದ್ದವರನ್ನು ತೆಗೆದುಹಾಕುವುದಿಲ್ಲ. ಬೆಡ್ರೈಫ್ಸಾರ್ಟ್ಸ್ ಎಂಬ ಕಂಪನಿಯ ಡಾಕ್ಟರು ಕರೆದು, ಕಾಫಿ ಕೊಟ್ಟು, ಹೇಗಿದ್ದೀರಿ, ಎಷ್ಟು ಗಂಟೆ ಮಾಡಬಲ್ಲಿರಿ ಎಂದು ಮೆಲ್ಲಗೆ ಕೇಳುತ್ತಾರೆ. ಆ ಮೆಲ್ಲನೆಯ ದನಿ ನನ್ನನ್ನು ಹೆದರಿಸಿತು. ಆ ವರ್ಷದ ಕೊನೆಗೆ ಹನ್ನೆಕೆ ನಿವೃತ್ತಳಾಗುವವಳಿದ್ದಳು. ಅವಳ ಜಾಗ ನನಗೆ ಅಥವಾ ಬ್ರಾಮ್‌ಗೆ ಎಂದು ಎಲ್ಲರಿಗೂ ಗೊತ್ತಿತ್ತು. ಅನುಭವದಲ್ಲಿ ನಾನು ಹಿರಿಯಳು. ನನಗೆ ಆ ಜಾಗ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಬೇಕಿತ್ತು.

ವಾಪಸ್ ಹೋದ ದಿನ ಆ ಕುರ್ಚಿಯಲ್ಲಿ ಬ್ರಾಮ್ ಕೂತಿದ್ದ. ಬೆಂಕಿ ತಾಗಿದವನ ಹಾಗೆ ಎದ್ದ.

"ನೀನು ಬರೋವರೆಗೆ ಅಷ್ಟೇ," ಎಂದ.

"ಕೂತ್ಕೋ, ಪರವಾಗಿಲ್ಲ."

"ಇಲ್ಲ ಇಲ್ಲ, ಇದು ನಿನ್ನ ಜಾಗ."

ಎಲ್ಲರೂ ಹೀಗೇ ಇದ್ದರು. ನಾನು ಬಾಗಿಲ ಬಳಿ ಬಂದರೆ ದಾರಿ ಬಿಡುತ್ತಿದ್ದರು. ನನ್ನ ಮೇಜಿಗೆ ಸುಲಭದ ಹಾಳೆಗಳು ಮಾತ್ರ ಬರುತ್ತಿದ್ದವು. ನಾನು ಮುಗಿಸಿದ ಹಾಳೆಯನ್ನು ನೋಡಿ "ಚೆನ್ನಾಗಿದೆ" ಎನ್ನುತ್ತಿದ್ದರು. ಮೊದಲು ನಮ್ಮಲ್ಲಿ ಯಾರೂ ಯಾರಿಗೂ ಹಾಗೆನ್ನುತ್ತಿರಲಿಲ್ಲ. ಚೆನ್ನಾಗಿಲ್ಲದಿದ್ದರೆ ಹೇಳುತ್ತಿದ್ದರು, ಅಷ್ಟೇ. ಇದು ಪ್ರೀತಿಯೋ, ನನ್ನನ್ನು ಮೆಲ್ಲಗೆ ಹೊರಗೆ ತಳ್ಳುವ ಉಪಾಯವೋ ನನಗೆ ತಿಳಿಯುತ್ತಿರಲಿಲ್ಲ. ಯಾರಾದರೂ ದನಿ ತಗ್ಗಿಸಿದರೆ ಕುಂಚ ಕೆಳಗಿಟ್ಟು ಕಿವಿಗೊಡುತ್ತಿದ್ದೆ.

ಪ್ರದರ್ಶನ ಮುಗಿದು ವೂರ್‌ಬರ್ಗ್‌ನ ಪುಟ ವಾಪಸ್ ಬಂತು. ಹಿಂದಿರುಗಿಸುವ ಮೊದಲು ಹೊಸ ಗಾಯಗಳಾಗಿವೆಯೇ ಎಂದು ನೋಡಬೇಕು. ಆಗ ನಾನು ಬೇಗ ನೋಡಲಾರದವಳು. ಒಂದೊಂದೇ ಅಂಗುಲ, ತಲೆಯನ್ನು ಇತ್ತ ಅತ್ತ ವಾಲಿಸಿ ನೋಡುತ್ತಿದ್ದೆ. ಎಡಗಡೆಯ ಮೂಲೆಯಿಂದ ಆರಂಭಿಸಿದ್ದರಿಂದ ಮೊದಲು ಸಿಕ್ಕವನು ಪರಿಚಾರಕ.

ಅವನು ಬಟ್ಟಲನ್ನು ದೊರೆಯ ಮುಂದೆ ಹಿಡಿದಿರಲಿಲ್ಲ. ದೊರೆಯ ಬೆರಳುಗಳ ಹಿಂಬದಿಗೆ ತಾಗಿಸಿ ನಿಂತಿದ್ದ.

ದೊರೆಯ ಇನ್ನೊಂದು ಕೈ ನೋಡಿದೆ. ಸಿಂಹಾಸನದ ಅಂಚಿನ ಮೇಲೆ ಅಂಗೈ ಚಪ್ಪಟೆಯಾಗಿ, ಬೆರಳುಗಳು ಅಗಲವಾಗಿ ಇದ್ದವು. ದೊರೆಗಳು ಹಾಗೆ ಕೈ ಇಡುವುದಿಲ್ಲ, ಕತ್ತಿಯ ಹಿಡಿಯನ್ನೋ ಹೂವನ್ನೋ ಹಿಡಿದಿರುತ್ತಾರೆ. ಗಲ್ಲ ಸ್ವಲ್ಪ ಮೇಲೆ. ಮುಖ ಮಾತಾಡುತ್ತಿರುವ ಸರದಾರನ ಕಡೆಗಿರಲಿಲ್ಲ, ಕಿವಿ ಅತ್ತ ಇತ್ತು. ಇಬ್ಬರು ಸರದಾರರೂ ದೊರೆಯನ್ನು ನೋಡುತ್ತಿರಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತಿದ್ದರು. ದೊರೆ ಕಾಣುವವನಾಗಿದ್ದರೆ ಅವನ ಎದುರು ಹಾಗೆ ನೋಡಿಕೊಳ್ಳುವ ಧೈರ್ಯ ಯಾರಿಗಿರುತ್ತದೆ?

ಇವನೇ ಶಾಹ್‌ರುಖ್. ಕಣ್ಣು ಹೋದ ಎಷ್ಟೋ ವರ್ಷಗಳ ನಂತರದವನು. ಚಿತ್ರಗಾರ ಅವನ ಕೈಯನ್ನು, ಕತ್ತನ್ನು, ಸುತ್ತಲಿನವರನ್ನು ಇದ್ದ ಹಾಗೆ ಬರೆದು, ಕಣ್ಣನ್ನು ಮಾತ್ರ ಇರಬೇಕಾದ ಹಾಗೆ ಬರೆದಿದ್ದ. ದೊರೆಗೆ ಕಣ್ಣಿಲ್ಲ ಎಂದು ಬರೆದರೆ ಅವನು ದೊರೆಯಲ್ಲ ಎಂದು ಬರೆದ ಹಾಗೆ. ಆ ಆಸ್ಥಾನದಲ್ಲಿ ಅದನ್ನು ಬರೆಯುವ ಕೈ ಉಳಿಯುತ್ತಿರಲಿಲ್ಲ. ಬರೆಸಿಕೊಂಡವನಿಗೆ ಆ ಕಣ್ಣುಗಳು ಕಾಣಿಸುವ ಹಾಗೂ ಇರಲಿಲ್ಲ. ನಿಮ್ಮನ್ನು ಬಹಳ ಚೆನ್ನಾಗಿ ಬರೆದಿದ್ದಾರೆ ಎಂದು ಅವನಿಗೆ ಯಾರೋ ಹೇಳಿರಬೇಕು.

ಆಗ ನನಗೆ "ಚೆನ್ನಾಗಿದೆ" ಎಂಬ ಮಾತು ಬೇರೆ ಥರ ಕೇಳಿಸಿತು. ಬ್ರಾಮ್ ಕಡೆಗೆ ತಿರುಗಿದೆ.

"ಬ್ರಾಮ್, ನಾನು ಮುಗಿಸಿದ ಹಾಳೆಗಳನ್ನ ಆಮೇಲೆ ನೀನು ನೋಡ್ತಿದ್ದೀಯಾ?"

ಅವನ ಕಿವಿ ಕೆಂಪಾಯಿತು. "ಹನ್ನೆಕೆ ಹೇಳಿದ್ರು."

"ಎಲ್ಲಾನೂ?"

"ಎಲ್ಲಾನೂ. ನೀನು ಹೋದ ಮೇಲೆ."

"ತಿದ್ದಿದ್ದೀಯಾ?"

ಅವನು ತನ್ನ ಮೇಜಿನ ಕುಂಚಗಳನ್ನು ಜೋಡಿಸತೊಡಗಿದ.

ಅಂದು ಮಧ್ಯಾಹ್ನ ಹನ್ನೆಕೆಯ ಕೋಣೆಗೆ ಹೋದೆ. ಮೊದಲು ಚಿತ್ರದ ವಿಷಯ ಹೇಳಿದೆ. ಅವಳು ಎದ್ದು ಬಂದು, ಕನ್ನಡಕ ಇಳಿಸಿಕೊಂಡು, ಬಹಳ ಹೊತ್ತು ಪುಟವನ್ನು ನೋಡಿದಳು. "ನಾವಿಬ್ಬರೂ ಆ ಬಟ್ಟಲನ್ನ ಎಷ್ಟು ಸಲ ನೋಡಿಲ್ಲ," ಎಂದಳು. ಆಮೇಲೆ ಬಾಗಿಲು ಹಾಕಿ, ತಾನೇ ಹೇಳಬೇಕೆಂದಿದ್ದದ್ದನ್ನು ಹೇಳಿದಳು. ತನ್ನ ಜಾಗಕ್ಕೆ ನನ್ನ ಹೆಸರನ್ನೇ ಕೊಡುತ್ತಾಳಂತೆ.

"ಮುಖ್ಯಸ್ಥೆಗೆ ಸೂಕ್ಷ್ಮದರ್ಶಕ ಯಾಕೆ? ಕೂತು ಹೇಳು. ಬ್ರಾಮ್ ನಿನ್ನ ಕೈ ಆಗ್ತಾನೆ. ಯಾರೂ ಏನೂ ಅನ್ನಲ್ಲ."

"ಯಾರೂ ಏನೂ ಅನ್ನಲ್ಲ ಅನ್ನೋದೇ ನಂಗೆ ಭಯ. ನಿಮಗೆ ನನ್ನ ಕೈ ಮೇಲೆ ನಂಬಿಕೆ ಇದೆಯಾ ಇಲ್ವಾ?"

ಅವಳು ಕಿಟಕಿಯ ಕಡೆ ನೋಡಿದಳು. ಹಾಗೆ ನೋಡುವ ಹೆಂಗಸಲ್ಲ ಅವಳು.

"ಹಾಗಾದ್ರೆ ನನ್ನ ಕೈ ನೋಡಿ," ಎಂದೆ. "ಈಗಲೇ. ಎಲ್ಲರ ಮುಂದೆ."

ಮುಂದಿನದನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳುವಾಗೆಲ್ಲ, ಸೋಲುತ್ತೇನೆಂದು ಗೊತ್ತಿದ್ದೇ ನಾನು ಮೇಜಿಗೆ ಹೋದೆ, ಸತ್ಯ ಹೊರಬರಲಿ ಎಂದು ಹೋದೆ ಎಂದು ಬರುತ್ತದೆ. ನನಗೂ ಹಾಗೇ ನೆನಪಿದೆ. ಡೈರಿ ಬೇರೆ ಹೇಳುತ್ತದೆ. "ಗೆಲ್ಲುತ್ತೇನೆ ಅನಿಸಿತ್ತು" ಎಂದು ಬರೆದಿದ್ದೇನೆ. ಅದೇ ನಿಜವಿರಬೇಕು.

ಬ್ರಾಮ್ ಅಭ್ಯಾಸದ ಹಾಳೆ ತಂದಿಟ್ಟ. ಹೊಸಬರೆಲ್ಲ ಕೈ ಪಳಗಿಸಿಕೊಳ್ಳುವ, ಯಾವ ಬೆಲೆಯೂ ಇಲ್ಲದ ಹಳೆಯ ಹಾಳೆ. ಅದರ ನೀಲಿ ಬಣ್ಣದಲ್ಲಿ ಒಂದು ಚಕ್ಕೆ ಎದ್ದಿತ್ತು. ನಾನು ಕೂತೆ. ಕುಂಚವನ್ನು ಅಂಟಿನಲ್ಲಿ ಅದ್ದಿದೆ. ಕೋಣೆಯಲ್ಲಿ ಎಲ್ಲರೂ ಉಸಿರನ್ನು ಹಣೆಗೆ ಬಿಡುತ್ತಿದ್ದದ್ದು ಕೇಳಿಸುತ್ತಿತ್ತು. ಬಲಗಣ್ಣಿಗೆ ಚಕ್ಕೆ ಸ್ಪಷ್ಟವಾಗಿ ಕಾಣುತ್ತಿತ್ತು, ಕುಂಚದ ತುದಿಯೂ ಸ್ಪಷ್ಟ. ಅವೆರಡರ ನಡುವೆ ಎಷ್ಟು ಜಾಗವಿದೆ ಎಂಬುದೊಂದೇ ಕಾಣುತ್ತಿರಲಿಲ್ಲ. ಇನ್ನೂ ದೂರವಿದೆ ಅಂದುಕೊಂಡು ಇಳಿಸಿದೆ. ಇನ್ನೂ ಇದೆ ಅಂದುಕೊಂಡೆ.

ಕುಂಚ ಎತ್ತಿದಾಗ ಚಕ್ಕೆ ಅದರ ತುದಿಯಲ್ಲಿತ್ತು. ಹಾಳೆಯ ಮೇಲೆ ಬರಿಯ ಕಂದು ಗುರುತು ಉಳಿದಿತ್ತು.

"ಅಭ್ಯಾಸದ ಹಾಳೆ ತಾನೇ, ಬಿಡು," ಎಂದ ಬ್ರಾಮ್.

"ನಿನ್ನೆ ನಾನು ಮುಗಿಸಿದ್ದು ಅಭ್ಯಾಸದ ಹಾಳೆ ಆಗಿರಲಿಲ್ಲ," ಎಂದೆ. "ನಿನ್ನೆಯದರಲ್ಲೂ ಹೀಗಾಗಿತ್ತಾ?"

ಈ ಸಲ ಅವನು ಉತ್ತರ ಹೇಳಿದ. "ಒಂದು ಕಡೆ. ಎಲೆಯ ಮೇಲೆ. ನಾನು ಕೂರಿಸಿದೆ."

ಕೈ ಮೇಜಿನ ಮೇಲಿಟ್ಟೆ. ನಡುಗುತ್ತಿತ್ತು. ಮರೆಸಲು ಹೋಗಲಿಲ್ಲ. ಹನ್ನೆಕೆ ನನ್ನ ಹಿಂದೆ ನಿಂತು, ಎರಡೂ ಹೆಗಲ ಮೇಲೆ ಕೈಯಿಟ್ಟು, "ಸರಿ. ಹಾಗಾದ್ರೆ ಬ್ರಾಮ್," ಎಂದಳು. ನನ್ನ ಹಿಂದಿನಿಂದ ಹೇಳಿದ್ದರಿಂದ ಅವಳ ಮುಖ ಹೇಗಿತ್ತೋ ಗೊತ್ತಿಲ್ಲ.

ನನಗೆ ಪಕ್ಕದ ಕೋಣೆ ಕೊಟ್ಟರು. ಉಳಿದ ವರ್ಷಗಳು ನಾನು ಚಿತ್ರಗಳನ್ನು ಓದಿದೆ, ಮುಟ್ಟಲಿಲ್ಲ. ವೂರ್‌ಬರ್ಗ್‌ನ ಹಿರಿಯರಿಗೆ ಫೋನು ಮಾಡಿ, ಅವನು ಶಾ‌ಹ್‌ರುಖನೇ, ನಾನು ತಪ್ಪಿದೆ ಎಂದೆ. ಬಟ್ಟಲಿನ ವಿಷಯ ಹೇಳಿದೆ. ಅವರು, "ನಮ್ಮ ಅಜ್ಜಿ ಆ ಚಿತ್ರದ ಮುಂದೆ ನಮಗೆ ಜೋರಾಗಿ ಮಾತಾಡಲು ಬಿಡುತ್ತಿರಲಿಲ್ಲ. ಯಾಕೆಂದು ಹೇಳುತ್ತಿರಲಿಲ್ಲ," ಎಂದರು.

ಬ್ರಾಮ್ ಮುಖ್ಯಸ್ಥನಾದ ಮೊದಲ ವಾರ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತ.

"ಇನ್ನು ನೀನು ನನ್ನ ಕೆಲಸ ನೋಡಬೇಕಾಗಿಲ್ಲ," ಎಂದೆ.

"ನೋಡ್ತೀನಿ," ಎಂದ. "ಇನ್ಮೇಲೆ ನಿಂಗೆ ಹೇಳಿ ನೋಡ್ತೀನಿ."

ನನಗೆ ಆ ಇಡೀ ವರ್ಷದಲ್ಲಿ ಯಾರೂ ಅಷ್ಟು ನೆಮ್ಮದಿಯ ಮಾತು ಹೇಳಿರಲಿಲ್ಲ. ಹೊಸದಾಗಿ ಬರುವ ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಹಿಂದೆ ಬಂದು ನಿಮ್ಮ ಕೆಲಸ ನೋಡುವ ಒಬ್ಬರನ್ನು, ಅದನ್ನು ನಿಮಗೆ ಹೇಳಿ ನೋಡುವ ಒಬ್ಬರನ್ನು, ಮೊದಲ ದಿನವೇ ಹುಡುಕಿಕೊಳ್ಳಿ.

ಭಯ ಹೋಗಿದೆಯೇ ಎಂದು ಕೇಳಿದರೆ, ಇಲ್ಲ. ಬಲಗಣ್ಣಿನಲ್ಲಿ ಆ ತೆಳು ಜಾಗ ಹಾಗೇ ಇದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಎದುರಿನ ಫ್ಲ್ಯಾಟಿನ ಬಾಲ್ಕನಿಯ ಕಬ್ಬಿಣದ ಸರಳುಗಳನ್ನು ನೋಡುತ್ತೇನೆ. ಒಂದು ಸರಳು ಬಾಗಿದರೂ, ಮೂಲೆಯಲ್ಲಿ ಕಪ್ಪು ಕಂಡರೂ, ಆ ನಂಬರಿಗೆ ಫೋನು ಮಾಡಬೇಕು. ಕೈ ಎತ್ತಿ ಕಣ್ಣು ಮುಚ್ಚುವ ಮೊದಲು ಸ್ವಲ್ಪ ಹೊತ್ತು ಹಾಸಿಗೆಯ ಮೇಲೆ ಸುಮ್ಮನೆ ಕೂತಿರುತ್ತೇನೆ. ಮನ್ಸೂರ್ ಅಡುಗೆಮನೆಯಿಂದ ಏನೂ ಕೇಳುವುದಿಲ್ಲ, ಕಾಯುತ್ತಾನೆ.

ಇವತ್ತು ಸರಳುಗಳು ನೆಟ್ಟಗಿದ್ದವು.